ಉಬುಂಟು ಜೊತೆ ಬರುವ ಫೈರ್‌ಫಾಕ್ಸ್: ಸ್ನ್ಯಾಪ್ ಸಾಕೇ, ಡೆಬ್ ಬೇಕೇ?

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವಿನ 22.04 ಆವೃತ್ತಿಯಿಂದೀಚೆಗೆ ಫೈರ್‌ಫಾಕ್ಸ್ ಬ್ರೌಸರ್ ಬರುವುದು ಸ್ನ್ಯಾಪ್ ಆಗಿ, ಅಂದರೆ ಉಳಿದ ಸಿಸ್ಟಮ್‌ನಿಂದ ಬೇರೆಯಾಗಿ ಓಡುವ ಪ್ಯಾಕೇಜ್ ಆಗಿ. ಪ್ರೋಗ್ರಾಂಗಳನ್ನು ಹಾಕಿಕೊಳ್ಳುವ ಸಾಧನವಾದ ಆಪ್ಟ್‌ನಿಂದ ಹಾಕಿಕೊಂಡರೂ ಅಷ್ಟೇ: ಅಲ್ಲಿರುವ ಡೆಬ್ (ಉಬುಂಟುವಿನ ಹಳೆಯ ಬಗೆಯ ಪ್ಯಾಕೇಜ್) ಹೆಸರಿಗೆ ಮಾತ್ರ, ಅದು ಮಾಡುವ ಕೆಲಸ ಸ್ನ್ಯಾಪನ್ನು ತಂದು ಕೂರಿಸುವುದು.

ಸ್ನ್ಯಾಪ್ ಫೈರ್‌ಫಾಕ್ಸ್ ನಿಧಾನ ಎಂಬ ದೂರು ಮೊದಮೊದಲು ನಿಜವೇ ಆಗಿತ್ತು. ಸ್ನ್ಯಾಪ್ ಎಂದರೆ ಒತ್ತಿ ಕಟ್ಟಿಟ್ಟ ಒಂದೇ ಕಡತ. ಕಂಪ್ಯೂಟರ್ ಆನ್ ಆದ ಮೇಲೆ ಮೊದಲ ಸಲ ತೆರೆಯುವಾಗ ಅದನ್ನು ಬಿಚ್ಚುತ್ತಾ ಓದಬೇಕು. ಸಾಲದ್ದಕ್ಕೆ ಎಲ್ಲ ಭಾಷೆಗಳ ಪ್ಯಾಕ್‌ಗಳೂ ಒಟ್ಟಿಗೆ ಲೋಡ್ ಆಗುತ್ತಿದ್ದವು. ಆಮೇಲೆ ಬೇಗ ಬಿಚ್ಚಿಕೊಳ್ಳುವ ಎಲ್‌ಝಡ್‌ಒ ಕಂಪ್ರೆಶನ್ ಬಂತು, ಬೇಕಾದ ಭಾಷೆಯಷ್ಟೇ ಲೋಡ್ ಆಗತೊಡಗಿತು. ಎಸ್‌ಎಸ್‌ಡಿ ಇದ್ದರೆ ಈಗ ತೊಂದರೆಯಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಆ ಮೊದಲ ಸಲದ ಕಾಯುವಿಕೆ ಇನ್ನೂ ಗೊತ್ತಾಗುತ್ತದೆ.

ನಿಜವಾಗಿ ಕೈ ಕಟ್ಟುವುದು ಕಡತಗಳ ವಿಷಯ. ಸ್ನ್ಯಾಪ್‌ಗೆ ಕಾಣುವ ಟೆಂಪ್ (ತಾತ್ಕಾಲಿಕ ಕಡತಗಳ) ಫೋಲ್ಡರ್ ಅದರದೇ ಬೇರೆ, ಸಿಸ್ಟಮ್‌ನದಲ್ಲ. ಯಾವುದೋ ಪ್ರೋಗ್ರಾಂ ಸಿಸ್ಟಮ್‌ನ ಟೆಂಪ್‌ನಲ್ಲಿ ಎಚ್‌ಟಿಎಂಎಲ್ ವರದಿ ಬರೆದಿಟ್ಟರೆ, ವಿಳಾಸ ಸರಿಯಿದ್ದರೂ ಫೈರ್‌ಫಾಕ್ಸ್ ‘ಕಡತ ಸಿಗಲಿಲ್ಲ’ ಎನ್ನುತ್ತದೆ. ಹೋಮ್‌ನಲ್ಲಿ (ನಿಮ್ಮ ಸ್ವಂತ ಫೋಲ್ಡರ್‌ನಲ್ಲಿ) ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ಗಳಿಗೂ ಇದೇ ಗತಿ. ಕಡತವನ್ನು ಡೌನ್‌ಲೋಡ್ಸ್‌ಗೆ ನಕಲು ಮಾಡಿದರೆ ತೆರೆಯುತ್ತದೆ. ವೆಬ್ ಡೆವಲಪರ್‌ಗಳಿಗೆ ದಿನವೂ ಇದೊಂದು ಕಿರಿಕಿರಿ; ಬ್ಯಾಂಕು, ಮೇಲ್, ಯೂಟ್ಯೂಬ್‌ಗಷ್ಟೇ ಬಳಸುವವರಿಗೆ ಬ್ರೌಸರನ್ನು ಉಳಿದ ಕಡತಗಳಿಂದ ದೂರ ಇಡುವ ಆ ಗೋಡೆಯಿಂದ ಲಾಭವೇ ಹೆಚ್ಚು. ಅಂಥವರು ಸ್ನ್ಯಾಪನ್ನೇ ಇಟ್ಟುಕೊಳ್ಳಲಿ. ‘ಅಪ್‌ಡೇಟ್ ಬಾಕಿಯಿದೆ’ ಎಂಬ ಸೂಚನೆ ಬಂದಾಗ ಮಾತ್ರ ಬ್ರೌಸರನ್ನು ಪೂರ್ತಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಬೇಕು, ತೆರೆದೇ ಇದ್ದರೆ ಅಪ್‌ಡೇಟ್ ಮುಂದೆ ಹೋಗುತ್ತದೆ.

ಡೆಬ್ ಬೇಕೆನ್ನುವವರು ಸ್ನ್ಯಾಪ್ ತೆಗೆಯುವ ಮೊದಲು ಪ್ರೊಫೈಲ್ ಉಳಿಸಿಕೊಳ್ಳಿ. ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಇರುವುದು ಅಲ್ಲೇ. ಬ್ರೌಸರ್ ಮುಚ್ಚಿ, ಹೋಮ್‌ನ ‘ಸ್ನ್ಯಾಪ್’ ಫೋಲ್ಡರ್‌ನೊಳಗೆ ‘ಫೈರ್‌ಫಾಕ್ಸ್’, ಅದರೊಳಗೆ ‘ಕಾಮನ್’ ತೆರೆಯಿರಿ. ಕಂಟ್ರೋಲ್–ಎಚ್ ಒತ್ತಿದರೆ ಅಡಗಿದ ‘.ಮೊಜಿಲ್ಲಾ’ ಕಾಣುತ್ತದೆ, ಅದನ್ನು ಇಡಿಯಾಗಿ ಹೋಮ್‌ಗೆ ನಕಲು ಮಾಡಿ. ಆಮೇಲೆ ಸ್ನ್ಯಾಪ್ ತೆಗೆದು, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಸ್ವಂತ ಆಪ್ಟ್ ರೆಪೊಸಿಟರಿಯನ್ನೂ (ಪ್ಯಾಕೇಜ್‌ಗಳ ಭಂಡಾರ) ಅವು ಅಸಲಿಯೇ ಎಂದು ಪರೀಕ್ಷಿಸುವ ಸಹಿ ಕೀಲಿಯನ್ನೂ ಸೇರಿಸಿ.

ಹೆಚ್ಚಿನವರು ಎಡವುವುದು ಇದರ ನಂತರ. ಉಬುಂಟುವಿನ ಆ ಹೆಸರಿಗಷ್ಟೇ ಇರುವ ಡೆಬ್‌ನ ಆವೃತ್ತಿ ಸಂಖ್ಯೆಯ ಮುಂದೆ ‘1:’ ಎಂದಿದೆ, ಆಪ್ಟ್ ಮೊದಲು ಹೋಲಿಸುವುದು ಅದನ್ನೇ. ಹಾಗಾಗಿ ಆಪ್ಟ್ ಲೆಕ್ಕದಲ್ಲಿ ಮೊಜಿಲ್ಲಾದ 122, 130 ಯಾವುದೇ ಆಗಲಿ ಅದಕ್ಕಿಂತ ಹಳೆಯದು, ಮತ್ತೆ ಸ್ನ್ಯಾಪೇ ಬಂದು ಕೂರುತ್ತದೆ. ಆಪ್ಟ್ ಪ್ರಿಫರೆನ್ಸಸ್ ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ಮೊಜಿಲ್ಲಾ ರೆಪೊಸಿಟರಿಗೆ 1000ದ ಆದ್ಯತೆ ಬರೆಯಲೇಬೇಕು; 1000ಕ್ಕಿಂತ ಕಡಿಮೆ ಕೊಟ್ಟರೆ ಆಪ್ಟ್ ಆವೃತ್ತಿ ಇಳಿಸಲು ಒಪ್ಪುವುದಿಲ್ಲ.

ಇನ್‌ಸ್ಟಾಲ್ ಆದ ಮೇಲೆ ಫೈರ್‌ಫಾಕ್ಸ್ ಖಾಲಿಯಾಗಿ ತೆರೆದರೆ ಗಾಬರಿ ಬೇಡ. ಹೊಸ ಇನ್‌ಸ್ಟಾಲ್ ತನಗೇ ಒಂದು ಹೊಸ ಪ್ರೊಫೈಲ್ ಮಾಡಿಕೊಂಡಿರುತ್ತದೆ. ವಿಳಾಸ ಪಟ್ಟಿಯಲ್ಲಿ ‘ಅಬೌಟ್:ಪ್ರೊಫೈಲ್ಸ್’ (about:profiles) ತೆರೆದು ಹಳೆಯದನ್ನು ಡೀಫಾಲ್ಟ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಮೆನುಗಳು ಕನ್ನಡದಲ್ಲಿ ಬೇಕಿದ್ದರೆ ಕನ್ನಡ ಭಾಷಾ ಪ್ಯಾಕನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಇಷ್ಟು ತಲೆನೋವು ಬೇಡವೆಂದರೆ ಲಿನಕ್ಸ್ ಮಿಂಟ್ ಇದೆ: ಉಬುಂಟುವನ್ನೇ ಆಧರಿಸಿದ್ದರೂ ಸ್ನ್ಯಾಪನ್ನು ತಡೆದು, ಫೈರ್‌ಫಾಕ್ಸನ್ನು ಡೆಬ್ ಆಗಿಯೇ ಕೊಡುತ್ತದೆ.