ಹಿಲ್ಸ್‌ಬರೋ ಕ್ರೀಡಾಂಗಣ: ಸೀಟು ಎಲ್ಲಿ ಚೆನ್ನ, ಜಾಗ ಯಾರದ್ದು

ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇ ಫುಟ್‌ಬಾಲ್ ಕ್ಲಬ್ಬಿನ ಟಿಕೆಟ್ ಕೊಳ್ಳುವವರು ಒಂದೇ ದುಡ್ಡಿನಲ್ಲಿ ಎರಡು ಸರಕು ಕೊಳ್ಳುತ್ತಾರೆ. ಒಂದು, 1899ರ ಸೆಪ್ಟೆಂಬರ್‌ನಿಂದ ಪಂದ್ಯ ಕಾಣುತ್ತಿರುವ ಹಿಲ್ಸ್‌ಬರೋ ಮೈದಾನ. ಇನ್ನೊಂದು, ಅದನ್ನು ನಡೆಸುವ ಆಡಳಿತ. ಮೈದಾನಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಆಡಳಿತಕ್ಕೆ, 2025ರ ಅಕ್ಟೋಬರ್‌ವರೆಗಿನ ಲೆಕ್ಕದಲ್ಲಿ, ಸೊನ್ನೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಎರಡಕ್ಕೂ ಅನ್ಯಾಯ.

ಮೊದಲು ಸೀಟಿನ ವಿಷಯ. ಆಟ ನೋಡುವುದೇ ಮುಖ್ಯ ಅನ್ನುವವರು ನಾರ್ತ್ ಸ್ಟ್ಯಾಂಡ್ ಬಿಟ್ಟು ಬೇರೆ ಯೋಚನೆ ಮಾಡಬೇಕಿಲ್ಲ. 1961ರಲ್ಲಿ ಕಟ್ಟಿದ್ದು. ವಿನ್ಯಾಸ ಮಾಡಿದ್ದು ಜಾಡ್ರೆಲ್ ಬ್ಯಾಂಕ್‌ನ ದೈತ್ಯ ರೇಡಿಯೋ ದೂರದರ್ಶಕ ಕಟ್ಟಿದ ಶೆಫೀಲ್ಡಿನ ಹಸ್ಬೆಂಡ್ ಅಂಡ್ ಕಂಪನಿ. ಛಾವಣಿಯ ಭಾರವೆಲ್ಲ ಹಿಂಬದಿಯ ಉಕ್ಕಿನ ಚೌಕಟ್ಟಿನ ಮೇಲೆ ಬೀಳುತ್ತದೆ, ಮುಂದೆ ಒಂದೂ ಕಂಬವಿಲ್ಲ. ಮೈದಾನದ ಉದ್ದಕ್ಕೂ ಹೀಗೆ ಕಂಬವಿಲ್ಲದೆ ಛಾವಣಿ ಚಾಚಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಇವತ್ತಿಗೂ ನಡುಗೆರೆಯ ಹತ್ತಿರ, ಅರ್ಧಕ್ಕಿಂತ ಮೇಲಿನ ಸಾಲಿನಲ್ಲಿ ಕೂತರೆ ಎರಡೂ ಪೆನಾಲ್ಟಿ ಪೆಟ್ಟಿಗೆ ಕಣ್ಣಿಗೆ ಸ್ಪಷ್ಟ. ಕೆಳಗಿನ ಸಾಲುಗಳಿಂದ ದೂರದ ಬದಿಯ ಆಟ ಚಪ್ಪಟೆಯಾಗಿ ಕಾಣುತ್ತದೆ, ಬೇಡ.

ಗದ್ದಲ ಬೇಕಿದ್ದವರಿಗೆ ಗೋಲಿನ ಹಿಂದಿನ ಕಾಪ್. ಗುಡ್ಡದ ಇಳಿಜಾರನ್ನೇ ಮೆಟ್ಟಿಲು ಮಾಡಿಕೊಂಡ ಸ್ಟ್ಯಾಂಡು. 1986ರವರೆಗೆ ಅದಕ್ಕೆ ಸೂರೇ ಇರಲಿಲ್ಲ, ಸೀಟು ಬಂದದ್ದು 1993ರಲ್ಲಿ. ಪೆನಿಸ್ಟೋನ್ ರಸ್ತೆಯಿಂದ ಮೇಲೇರುವ ಮೆಟ್ಟಿಲು ಸಾಕಷ್ಟಿವೆ, ಮಂಡಿನೋವಿನವರು ಸೌತ್ ಸ್ಟ್ಯಾಂಡಿಗೆ ಹೋಗುವುದೇ ಲೇಸು. ಆ ಸೌತ್ ಸ್ಟ್ಯಾಂಡು ಆರ್ಚಿಬಾಲ್ಡ್ ಲೀಚ್ ಅವರ ಕೆಲಸ, 1914ರದ್ದು. ಗಡಿಯಾರ ಹೊತ್ತ ಅದರ ತ್ರಿಕೋನ ಮುಖಭಾಗವನ್ನು 1996ರ ಯೂರೋ ಕಪ್‌ಗೆ ಮೇಲಂತಸ್ತು ಏರಿಸಿದಾಗಲೂ ಕೈಬಿಡಲಿಲ್ಲ. ಬೆನ್ನಿಗೇ ಡಾನ್ ನದಿ. 2007ರ ಜೂನ್‌ನಲ್ಲಿ ನದಿ ಉಕ್ಕಿ ಇಡೀ ಮೈದಾನ ಕೆರೆಯಾಗಿತ್ತು.

ಎದುರಾಳಿ ತಂಡದ ಅಭಿಮಾನಿಗಳಿಗೆ ಸಿಗುವುದು ವೆಸ್ಟ್ ಸ್ಟ್ಯಾಂಡ್. 1966ರ ವಿಶ್ವಕಪ್‌ಗಾಗಿ ಕಟ್ಟಿದ ಇದರಲ್ಲಿ ಛಾವಣಿಯ ಕಂಬಗಳು ಕಣ್ಣಿಗೆ ಅಡ್ಡ ಬರುತ್ತವೆ, ಟಿಕೆಟ್ ತೆಗೆದುಕೊಳ್ಳುವಾಗ ಕಂಬದ ಹಿಂದಿನ ಸೀಟೇ ಎಂದು ಕೇಳಿಕೊಳ್ಳಿ. ನಾರ್ತ್ ಸ್ಟ್ಯಾಂಡಿಗೆ ಅಂಟಿದ ಮೂಲೆಗೆ ಸೂರಿಲ್ಲ, ಮಳೆ ಬಂದರೆ ನೆನೆಯಲೇಬೇಕು.

ಈ ವೆಸ್ಟ್ ಸ್ಟ್ಯಾಂಡಿನ ಕೆಳಭಾಗವೇ ಆಗಿನ ಲೆಪಿಂಗ್ಸ್ ಲೇನ್ ಟೆರೇಸ್, ಜನ ನಿಂತು ಆಟ ನೋಡುತ್ತಿದ್ದ ಮೆಟ್ಟಿಲು. 1989ರ ಏಪ್ರಿಲ್ 15ರಂದು ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಇಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಜನ ಪ್ರಾಣ ಕಳೆದುಕೊಂಡರು. ಯಾಕಾಯಿತು ಅನ್ನುವುದನ್ನು ಲೆಕ್ಕವೇ ಹೇಳುತ್ತದೆ. ಆ ಟೆರೇಸಿನ 10,100 ಟಿಕೆಟ್‌ಗೆ ಇದ್ದದ್ದು 7 ಟರ್ನ್‌ಸ್ಟೈಲ್, ಅಂದರೆ ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟು. ಈಗಿನ ಸುರಕ್ಷತಾ ಕೈಪಿಡಿ ಒಂದು ಟರ್ನ್‌ಸ್ಟೈಲ್‌ಗೆ ಗಂಟೆಗೆ ಗರಿಷ್ಠ 660 ಜನರನ್ನಷ್ಟೇ ಒಪ್ಪುತ್ತದೆ. ಏಳಕ್ಕೆ 4,620. ಅಂದರೆ ಎಲ್ಲರೂ ಒಳಗೆ ಬರಲು ಎರಡು ಗಂಟೆಗೂ ಹೆಚ್ಚು ಬೇಕು. ಹೊರಗೆ ಒತ್ತಡ ಮಿತಿಮೀರಿದಾಗ ಪೊಲೀಸರು ನಿರ್ಗಮನದ ಸಿ ಗೇಟ್ ತೆರೆಸಿದರು. ಒಳನುಗ್ಗಿದ ಜನ ಎದುರಿಗೇ ಕಂಡ ಸುರಂಗ ಹಿಡಿದು, ಆಗಲೇ ತುಂಬಿದ್ದ 3 ಮತ್ತು 4ನೇ ಕಟಾಂಜನಗಳಿಗೆ, ಅಂದರೆ ಬೇಲಿ ಹಾಕಿ ಬೇರ್ಪಡಿಸಿದ ಭಾಗಗಳಿಗೆ, ಇಳಿದರು. ಪಕ್ಕದ ಕಟಾಂಜನಗಳಲ್ಲಿ ಜಾಗವಿತ್ತು. ಅತ್ತ ಜನರನ್ನು ತಿರುಗಿಸಲು ಸುರಂಗದ ಬಾಯಲ್ಲಿ ಯಾರೂ ಇರಲಿಲ್ಲ. ಮೈದಾನದ ಸುರಕ್ಷತಾ ಪ್ರಮಾಣಪತ್ರ 1979ರದ್ದು, ಆಮೇಲೆ ಮಾಡಿದ ಮಾರ್ಪಾಡುಗಳಿಗೆ ತಕ್ಕಂತೆ ಅದನ್ನು ತಿದ್ದಿರಲಿಲ್ಲ. ಸತ್ತವರನ್ನು ಕಾನೂನುಬಾಹಿರವಾಗಿ ಕೊಲ್ಲಲಾಯಿತು ಎಂದು ಜ್ಯೂರಿ ಹೇಳಲು 2016 ಬರಬೇಕಾಯಿತು. ಸ್ಮಾರಕ ಪಾರ್ಕ್‌ಸೈಡ್ ರಸ್ತೆಯಲ್ಲಿ, ಸೌತ್ ಸ್ಟ್ಯಾಂಡಿನ ಪ್ರವೇಶದ್ವಾರದ ಬಳಿ ಇದೆ. ಅಲ್ಲಿ ಸ್ಕಾರ್ಫ್ ಕಟ್ಟಿ ಹೋಗುವವರಲ್ಲಿ ಬೇರೆ ಬೇರೆ ಕ್ಲಬ್ಬಿನವರೂ ಇರುತ್ತಾರೆ. ಇಲ್ಲಿ ಸುರಕ್ಷತೆಯ ಕಾಗದಪತ್ರ ಬರೀ ಗುಮಾಸ್ತರ ಕೆಲಸವಲ್ಲ.

ಹಾಗಾಗಿ ಸೀಟಿನ ಸಂಖ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾಗದದ ಮೇಲೆ ಹಿಲ್ಸ್‌ಬರೋದ ಸಾಮರ್ಥ್ಯ 39,732. ಪ್ರಮಾಣಪತ್ರ ಒಪ್ಪುವುದು ಅದಕ್ಕಿಂತ ಕೆಲವು ಸಾವಿರ ಕಡಿಮೆ. ವ್ಯತ್ಯಾಸ ಬರುವುದು ಹೀಗೆ: ಎಷ್ಟು ಜನ ಕೂರಬಹುದು, ಒಂದು ಗಂಟೆಯಲ್ಲಿ ಎಷ್ಟು ಜನ ಒಳಬರಬಹುದು, ಆಟ ಮುಗಿದ ಮೇಲೆ ಎಂಟು ನಿಮಿಷದೊಳಗೆ ಎಷ್ಟು ಜನ ಹೊರಹೋಗಬಹುದು, ತುರ್ತಿನಲ್ಲಿ ಎಷ್ಟು ಜನ ಪಾರಾಗಬಹುದು, ಈ ನಾಲ್ಕರಲ್ಲಿ ಅತಿ ಚಿಕ್ಕ ಸಂಖ್ಯೆಯೇ ಅಂತಿಮ. ಅದರಲ್ಲೂ ಕೂರುವ ಲೆಕ್ಕವನ್ನು ಎರಡು ಗುಣಾಂಕ ಕುಗ್ಗಿಸುತ್ತವೆ. ಕಟ್ಟಡದ ಸ್ಥಿತಿಗೆ ಪಿ, ನಿರ್ವಹಣೆಯ ಗುಣಮಟ್ಟಕ್ಕೆ ಎಸ್, ಎರಡೂ ಸೊನ್ನೆಯಿಂದ ಒಂದರ ನಡುವೆ. ತುಕ್ಕು ತೆಗೆಸದಿದ್ದರೆ ಪಿ ಇಳಿಯುತ್ತದೆ. ಕಾವಲು ಸಿಬ್ಬಂದಿಗೆ ತರಬೇತಿ ಇಲ್ಲದಿದ್ದರೆ, ತಪಾಸಣೆ ದಾಖಲೆ ಇಡದಿದ್ದರೆ ಎಸ್ ಇಳಿಯುತ್ತದೆ. ಯಾವುದು ಇಳಿದರೂ ಮಾರಬಹುದಾದ ಟಿಕೆಟ್ ಇಳಿಯುತ್ತದೆ, ಟಿಕೆಟ್ ಇಳಿದರೆ ದುರಸ್ತಿಗೆ ದುಡ್ಡು ಇನ್ನೂ ಕಡಿಮೆ. ಮಾಲೀಕನ ಜೇಬು ಖಾಲಿಯಾದದ್ದು ಪತ್ರಿಕೆಯಲ್ಲಿ ಬರುವ ಮೊದಲೇ ಸ್ಟ್ಯಾಂಡಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. 2025ರ ಜುಲೈನಲ್ಲಿ ಶೆಫೀಲ್ಡ್ ನಗರಸಭೆ ನಾರ್ತ್ ಸ್ಟ್ಯಾಂಡಿಗೇ ನಿಷೇಧದ ನೋಟಿಸ್ ಕೊಟ್ಟಿತು. ಊರಿನಲ್ಲೇ ಚೆಂದದ ಸೀಟುಗಳಿಗೆ, ಸೀಸನ್ ಶುರುವಾಗುವ ಮುನ್ನ, ಕಟ್ಟಡದ ಸುರಕ್ಷತೆಯ ಕಾರಣಕ್ಕೆ ಬೀಗ.

ಇಲ್ಲಿಗೆ ಬಂದದ್ದು ಹೇಗೆ? ಥಾಯ್ಲೆಂಡಿನ ಉದ್ಯಮಿ ಡೆಜ್‌ಫೊನ್ ಚಾನ್ಸಿರಿ 2015ರಲ್ಲಿ 3.75 ಕೋಟಿ ಪೌಂಡ್ ಕೊಟ್ಟು ಮಿಲಾನ್ ಮ್ಯಾಂಡರಿಚ್ ಅವರಿಂದ ಕ್ಲಬ್ ಕೊಂಡರು. ಪ್ರೀಮಿಯರ್ ಲೀಗ್‌ಗೆ ಏರುವ ಆಸೆಯಲ್ಲಿ ಆಟಗಾರರಿಗೆ ದುಡ್ಡು ಸುರಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆದರೆ ಅದರ ಕೆಳಗಿನ ಡಿವಿಷನ್ ಆದ ಚಾಂಪಿಯನ್‌ಷಿಪ್‌ನ ಕ್ಲಬ್ಬುಗಳು ಮೂರು ವರ್ಷದಲ್ಲಿ 3.9 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡುವಂತಿರಲಿಲ್ಲ. ನಷ್ಟ ಆ ಗೆರೆ ದಾಟುವ ಹಂತಕ್ಕೆ ಬಂದಾಗ ಕಂಡ ಉಪಾಯ, ಹಿಲ್ಸ್‌ಬರೋವನ್ನೇ ಮಾರುವುದು. ಕೊಂಡದ್ದು ಚಾನ್ಸಿರಿಯವರದೇ ಇನ್ನೊಂದು ಕಂಪನಿ, ಶೆಫೀಲ್ಡ್ 3 ಲಿಮಿಟೆಡ್, ಸುಮಾರು 6 ಕೋಟಿ ಪೌಂಡಿಗೆ. ಬಲಜೇಬಿನಿಂದ ತೆಗೆದು ಎಡಜೇಬಿಗೆ ಹಾಕಿಕೊಂಡು, ನಡುವೆ ಸುಮಾರು 3.8 ಕೋಟಿ ಲಾಭ ಬರೆದುಕೊಂಡ ಹಾಗಾಯಿತು. ಡರ್ಬಿ ಕೌಂಟಿಯೂ ತನ್ನ ಪ್ರೈಡ್ ಪಾರ್ಕ್ ಮೈದಾನದಲ್ಲಿ ಇದೇ ಆಟ ಆಡಿತ್ತು.

ವೆನ್ಸ್‌ಡೇ ಸಿಕ್ಕಿಬಿದ್ದದ್ದು ತಾರೀಖಿನಲ್ಲಿ. ಲಾಭವನ್ನು 2017-18ರ ಲೆಕ್ಕಕ್ಕೆ ಸೇರಿಸಿದ್ದರು, ಮಾರಾಟ ಆ ವರ್ಷದಲ್ಲಿ ಆಗಿರಲೇ ಇಲ್ಲ. 2020ರ ಜುಲೈನಲ್ಲಿ 12 ಅಂಕ ಕಡಿತ, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಆ ಸೀಸನ್ 41 ಅಂಕದೊಂದಿಗೆ ಕೊನೆಯ ಸ್ಥಾನ, ಕೆಳ ಡಿವಿಷನ್‌ಗೆ ಇಳಿತ. 44 ಅಂಕ ಗಳಿಸಿದ ಡರ್ಬಿ ಉಳಿದುಕೊಂಡಿತು. ಆ ಆರು ಅಂಕ ಕೈಯಲ್ಲಿದ್ದಿದ್ದರೆ ವೆನ್ಸ್‌ಡೇ 47ಕ್ಕೆ ಆರಾಮವಾಗಿ ಪಾರಾಗುತ್ತಿತ್ತು. ಉಳಿಯಲೆಂದು ಮೈದಾನ ಮಾರಿದರು, ಮಾರಿದ್ದಕ್ಕೇ ಇಳಿದರು.

ಅಂಕ ಹೋಗಿದ್ದು ಒಂದು ಸೀಸನ್ನಿಗೆ. ಆಸ್ತಿ ಬೇರೆಯಾದದ್ದರ ಪೆಟ್ಟು ಉಳಿದುಕೊಂಡಿತು. ಪಂದ್ಯ ನಡೆಸುವುದು, ಟಿಕೆಟ್ ಮಾರುವುದು ಒಂದು ಕಂಪನಿ, ಕಟ್ಟಡದ ಒಡೆತನ ಇನ್ನೊಂದರದು. ಕ್ಲಬ್ ಕೊಳ್ಳಲು ಬಂದವರು ಮೈದಾನಕ್ಕೂ ಅದೇ ಮನುಷ್ಯನ ಜೊತೆ ಬೇರೆ ಚೌಕಾಸಿ ಮಾಡಬೇಕು. ಮಾರಲು ಮನಸ್ಸಿಲ್ಲದ ಮಾಲೀಕನಿಗೆ ಇದಕ್ಕಿಂತ ಗಟ್ಟಿ ಹಿಡಿತ ಬೇಕಿಲ್ಲ.

2023ರ ಅಕ್ಟೋಬರ್‌ನಲ್ಲಿ ಚಾನ್ಸಿರಿ, 20,000 ಅಭಿಮಾನಿಗಳು ತಲಾ 100 ಪೌಂಡ್ ಕೊಟ್ಟರೆ ಬಾಕಿ ತೀರುತ್ತದೆ ಎಂದರು. ಟಿಕೆಟ್, ಜೆರ್ಸಿ ಎಲ್ಲಕ್ಕೂ ಮೊದಲೇ ಕೊಟ್ಟವರ ಮುಂದೆ ಮತ್ತೆ ತಟ್ಟೆ ಹಿಡಿದದ್ದನ್ನು ಜನ ಮರೆಯಲಿಲ್ಲ. 2025ರಲ್ಲಿ ಸಂಬಳ ತಿಂಗಳ ಮೇಲೆ ತಿಂಗಳು ತಡವಾಯಿತು. ಆಟಗಾರರು ಹೊರನಡೆದರು, ಕೋಚ್ ಡ್ಯಾನಿ ರೋಲ್ ಕೂಡ ಹೋದರು.

ಗ್ರಾಹಕರ ಅಭಿಪ್ರಾಯ ಎಷ್ಟು ನಿಖರವಾಗಿ ದಾಖಲಾಗಬಹುದು ಅನ್ನುವುದಕ್ಕೆ ಆ ಅಕ್ಟೋಬರ್ ಸಾಕ್ಷಿ. 22ರ ಬುಧವಾರ ಮಿಡಲ್ಸ್‌ಬರೋ ಪಂದ್ಯಕ್ಕೆ ಅಭಿಮಾನಿಗಳು ಬಹಿಷ್ಕಾರ ಹಾಕಿದರು, ಬಂದವರು 7,000ದ ಆಸುಪಾಸು. 24ರ ಶುಕ್ರವಾರ ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು, ಅಂದರೆ ದಿವಾಳಿ ತಜ್ಞರು ಕೀಲಿಕೈ ತೆಗೆದುಕೊಂಡರು, ಚಾನ್ಸಿರಿ ಆಡಳಿತ ಮುಗಿಯಿತು. ಮರುದಿನ ಆಕ್ಸ್‌ಫರ್ಡ್ ಯುನೈಟೆಡ್ ಪಂದ್ಯಕ್ಕೆ 27,000ಕ್ಕೂ ಹೆಚ್ಚು ಜನ. ಅದೇ ತಂಡ, ಅದೇ ಸೀಟು, ಮೇಲಾಗಿ ಹಿಂದಿನ ದಿನವಷ್ಟೇ 12 ಅಂಕ ಕಳೆದುಕೊಂಡು ಪಟ್ಟಿಯಲ್ಲಿ ಸೊನ್ನೆಗಿಂತ ಕೆಳಗಿದ್ದ ಸ್ಥಿತಿ. ಜನ ದೂರ ಉಳಿದದ್ದು ಸೋಲಿಗೆ ಬೇಸತ್ತು ಎಂದು ಇನ್ನು ಯಾರೂ ಹೇಳುವಂತಿಲ್ಲ. ತಮ್ಮ ಕಾಪ್ ತಾವೇ ಖಾಲಿ ಬಿಡುವುದು ಈ ಊರಿನವರಿಗೆ ಸಲೀಸಾದ ಕೆಲಸವಲ್ಲ. ಮೈದಾನದ ಮೇಲಿನ ಪ್ರೀತಿಯನ್ನೇ ಒತ್ತೆ ಇಟ್ಟುಕೊಂಡವನ ಕೈಯಿಂದ ಅದನ್ನು ಬಿಡಿಸಲು ಅವರಿಗಿದ್ದ ಆಯುಧ ಅದೊಂದೇ. ಡಿಸೆಂಬರ್ 1ಕ್ಕೆ ಪಾವತಿ ಬಾಕಿಗಳಿಗಾಗಿ ಇನ್ನೂ 6 ಅಂಕ ಕಡಿತವಾಯಿತು. ಒಟ್ಟು 18, ಅಂದರೆ ಆರು ಗೆಲುವು. ಚಾನ್ಸಿರಿಗೆ ಇಎಫ್‌ಎಲ್ (ಪ್ರೀಮಿಯರ್ ಲೀಗ್‌ಗಿಂತ ಕೆಳಗಿನ ಡಿವಿಷನ್‌ಗಳನ್ನು ನಡೆಸುವ ಸಂಸ್ಥೆ) ಕ್ಲಬ್ಬುಗಳ ಒಡೆತನದಿಂದ ಮೂರು ವರ್ಷ ನಿಷೇಧ.

ಇಂಥ ಕ್ಲಬ್ಬಿನ ಸೀಸನ್ ಟಿಕೆಟ್ ಕೊಳ್ಳುವವರಿಗೆ ಕೆಲವು ಮಾತು. ಸೀಸನ್ ಟಿಕೆಟ್ ಅಂದರೆ ಕ್ಲಬ್ಬಿಗೆ ನೀವು ಬಡ್ಡಿಯಿಲ್ಲದೆ ಕೊಟ್ಟ ಮುಂಗಡ. ಅಡ್ಮಿನಿಸ್ಟ್ರೇಷನ್ ನಡೆಯುವಾಗ ಗೇಟಿನಲ್ಲಿ ಅದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಪಂದ್ಯ ನಡೆದರೇ ತಾನೇ ಕ್ಲಬ್ಬಿಗೆ ಬೆಲೆ. ಮುಚ್ಚಿಯೇ ಹೋದರೆ ನೀವು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸರದಿಯ ಬಾಲದಲ್ಲಿರುತ್ತೀರಿ. ಹಾಗಾಗಿ ಬ್ರಿಟನ್ನಿನ ಕ್ರೆಡಿಟ್ ಕಾರ್ಡಿನಲ್ಲೇ, ನೇರವಾಗಿ ಕ್ಲಬ್ಬಿನಿಂದಲೇ ಕೊಳ್ಳಿ. 100 ಪೌಂಡಿಗಿಂತ ಹೆಚ್ಚಿನ, 30,000ದವರೆಗಿನ ಖರೀದಿಗೆ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆ. ಮಧ್ಯವರ್ತಿಯಿಂದ ಕೊಂಡರೆ ಆ ಕೊಂಡಿ ತಪ್ಪಬಹುದು. ಒಂದೇ ಪಂದ್ಯದ ಟಿಕೆಟ್ 100 ಪೌಂಡ್ ದಾಟುವುದಿಲ್ಲವಾದ್ದರಿಂದ ಅಲ್ಲಿ ಬ್ಯಾಂಕಿನ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನ ದುಡ್ಡು ವಾಪಸು ಕೇಳುವುದು, ಮಾತ್ರ ದಿಕ್ಕು.

ದುಡ್ಡು ಕಟ್ಟುವ ಮುನ್ನ ಹತ್ತು ನಿಮಿಷ ಕಂಪನಿಗಳ ಸರಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್ ಜಾಲತಾಣದಲ್ಲಿ ಕಳೆಯಿರಿ, ಉಚಿತ. ಲೆಕ್ಕಪತ್ರ ಗಡುವು ಮೀರಿದೆಯೇ, ಚಾರ್ಜಸ್ ಎಂಬ ಕಡೆ ಯಾವ ಸಾಲದ ಹೆಸರಿದೆ, ನಿರ್ದೇಶಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟಿದ್ದಾರೆಯೇ, ಇಷ್ಟು ನೋಡಿದರೆ ಸಾಕು. ಕೆಲವು ಪೌಂಡ್ ಶುಲ್ಕಕ್ಕೆ ಲ್ಯಾಂಡ್ ರಿಜಿಸ್ಟ್ರಿ ಮೈದಾನದ ಒಡೆಯರ ಹೆಸರು ಕೊಡುತ್ತದೆ. ಆಟಗಾರರ ವರ್ಗಾವಣೆ ನಿರ್ಬಂಧದಲ್ಲಿರುವ ಕ್ಲಬ್ಬುಗಳ ಪಟ್ಟಿಯನ್ನು ಇಎಫ್‌ಎಲ್ ತಾನೇ ಪ್ರಕಟಿಸುತ್ತದೆ, ವೆನ್ಸ್‌ಡೇ ಅದರಲ್ಲಿ ಹಳೆಯ ಅತಿಥಿ.

ಹೋಗುವ ದಾರಿ ಸುಲಭ. ರೈಲು ನಿಲ್ದಾಣದಿಂದ ನೀಲಿ ಟ್ರಾಮ್ ಹಿಡಿದು ಹಿಲ್ಸ್‌ಬರೋ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಹಳದಿ ಟ್ರಾಮ್ ಲೆಪಿಂಗ್ಸ್ ಲೇನ್‌ವರೆಗೇ ಹೋಗುತ್ತದೆ, ಆದರೆ ಅದು ರೈಲು ನಿಲ್ದಾಣಕ್ಕೆ ಬರುವುದಿಲ್ಲ, ಊರ ನಡುವೆ ಹತ್ತಬೇಕು. ಮೈದಾನ ಕಾಣುವ ಜಾಗಕ್ಕೆ ಬಿಯರ್ ಒಯ್ಯುವಂತಿಲ್ಲ, 1985ರ ಕಾನೂನು. ಪೈ ಮೇಲೆ ಹೆಂಡರ್ಸನ್ಸ್ ರೆಲಿಷ್ ಸುರಿದುಕೊಳ್ಳಿ. ಶೆಫೀಲ್ಡಿನಲ್ಲಿ ಬೇರೆ ಸಾಸ್ ಕೇಳಿದರೆ ಮುಖ ನೋಡುತ್ತಾರೆ.

ಅಡ್ಮಿನಿಸ್ಟ್ರೇಷನ್‌ನಿಂದ ಆದ ಒಂದು ಉಪಕಾರವನ್ನು ಹೇಳಲೇಬೇಕು. ಕ್ಲಬ್ಬಿನ ಜೊತೆಗೇ ಶೆಫೀಲ್ಡ್ 3 ಲಿಮಿಟೆಡ್ ಕೂಡ ಅದೇ ಪ್ರಕ್ರಿಯೆಗೆ ಸೇರಿತು, ಹಾಗಾಗಿ ಎರಡನ್ನೂ ಒಟ್ಟಿಗೆ ಮಾರಲು ದಾರಿಯಾಯಿತು. ಕೊಳ್ಳುವವರು ಆಟಗಾರರ ಮತ್ತು ಬೇರೆ ಕ್ಲಬ್ಬುಗಳ ಬಾಕಿಯನ್ನು ಪೂರ್ತಿ ತೀರಿಸಬೇಕು. ಪೈ ಸರಬರಾಜು ಮಾಡಿದವರಂಥ ಭದ್ರತೆಯಿಲ್ಲದವರಿಗೆ ಪೌಂಡಿಗೆ ಕನಿಷ್ಠ 25 ಪೆನ್ಸ್, ಮೂರು ವರ್ಷದ ಕಂತಾದರೆ 35. ಇಲ್ಲದಿದ್ದರೆ ಮತ್ತೆ 15 ಅಂಕ ಕಡಿತ. 2025ರ ಜುಲೈನಲ್ಲಿ ಕಾನೂನಾದ ಫುಟ್‌ಬಾಲ್ ಆಡಳಿತ ಕಾಯ್ದೆಯ ಪ್ರಕಾರ ಮೈದಾನ ಮಾರಲು, ಅಡವಿಡಲು ಸ್ವತಂತ್ರ ನಿಯಂತ್ರಕರ ಒಪ್ಪಿಗೆ ಬೇಕು. ಅಭಿಮಾನಿಗಳು ಹೊಸ ಮಾಲೀಕರನ್ನು ಯಾವ ಆಟಗಾರನನ್ನು ತರುತ್ತೀರಿ ಎಂದು ಕೇಳುವ ಮೊದಲು, ಹಿಲ್ಸ್‌ಬರೋದ ಹಕ್ಕುಪತ್ರ ಕ್ಲಬ್ಬಿನ ಹೆಸರಿಗೇ ಬರುತ್ತದೆಯೋ ಅಥವಾ ಇನ್ನೊಂದು ಕಂಪನಿಯ ಹೆಸರಿಗೋ ಎಂದು ಕೇಳಲಿ. ಉತ್ತರ ಲಿಖಿತವಾಗಿ ಬರಲಿ.