ಡಿಸ್ಕ್ ಇಲ್ಲದ ಕನ್ಸೋಲ್: ಐದು ವರ್ಷ ಆಡಿದ ಮೇಲೆ

ಟಿವಿಗೆ ಜೋಡಿಸಿ ಗೇಮ್ ಆಡುವ ಈ ಮೆಷಿನ್ ಬಗ್ಗೆ ನನಗೆ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐದು ವರ್ಷದಲ್ಲಿ ಒಂದು ಸಲವೂ ರಿಪೇರಿಗೆ ಹೋಗಿಲ್ಲ. ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು, ಅಷ್ಟು ನಿಶ್ಶಬ್ದ. ಕಂಟ್ರೋಲರ್‌ನ ಎಡಗಡೆ ಸ್ಟಿಕ್ ಎರಡನೇ ವರ್ಷಕ್ಕೆ ತಾನಾಗಿಯೇ ಒಂದು ಕಡೆ ಎಳೆಯಲು ಶುರು ಮಾಡಿತು, ಬೇರೆ ಕೊಂಡೆ. ಸ್ಟೋರೇಜ್ ಸಾಲುತ್ತಿರಲಿಲ್ಲ. ಮೂರನೇ ವರ್ಷ ಅದೇ ಕನ್ಸೋಲ್‌ನ ಜಾಸ್ತಿ ಸ್ಟೋರೇಜ್ ಇರುವ ಮಾಡೆಲ್ ತೆಗೆದುಕೊಂಡು, ಹಳೆಯದನ್ನು ಅಕ್ಕನ ಮಗನಿಗೆ ಕೊಟ್ಟೆ. ಆ ಕೊಟ್ಟ ಕಥೆಯೇ ಈ ವಿಮರ್ಶೆಯ ಮುಖ್ಯ ಭಾಗ. ಅದಕ್ಕೆ ಬರುತ್ತೇನೆ.

ಬ್ರ್ಯಾಂಡ್ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಆ ಕಂಪನಿ ಮೇಲೋ ಈ ಕಂಪನಿ ಮೇಲೋ ಎಂಬ ಜಗಳ ಶುರುವಾಗುತ್ತದೆ. ನಾನು ಹೇಳಲು ಹೊರಟಿರುವ ವಿಷಯದಲ್ಲಿ ಎಲ್ಲರೂ ಹೆಚ್ಚುಕಮ್ಮಿ ಒಂದೇ.

ನನ್ನದು ಡಿಸ್ಕ್ ಹಾಕುವ ಜಾಗವೇ ಇಲ್ಲದ ಕನ್ಸೋಲ್. ಗೇಮ್ ಬೇಕಾದರೆ ಕಂಪನಿಯ ಸ್ಟೋರ್ ಒಂದೇ ದಾರಿ. ಕೊಳ್ಳುವಾಗ ಇದು ಅನುಕೂಲ ಅಂತಲೇ ಅನಿಸಿತ್ತು. ಡಿಸ್ಕ್‌ಗೆ ಗೀರು ಬೀಳುವ ಭಯವಿಲ್ಲ, ಎದ್ದು ಬದಲಾಯಿಸುವ ಕೆಲಸವಿಲ್ಲ. ಬಿಡುಗಡೆಯ ದಿನ ಮಧ್ಯರಾತ್ರಿ ಹನ್ನೆರಡಕ್ಕೆ ಗೇಮ್ ತೆರೆದುಕೊಳ್ಳುತ್ತದೆ. ಸೋಮಾರಿಗೆ ಇನ್ನೇನು ಬೇಕು. ಮೊದಲ ವರ್ಷ ಸುಮ್ನೆ ಕೊಳ್ಳುತ್ತಾ ಹೋದೆ. ಈಗ ಲೈಬ್ರರಿಯಲ್ಲಿ 41 ಗೇಮ್ ಇವೆ.

ಮೊದಲ ಸಲ ಚುಚ್ಚಿದ್ದು ತಮ್ಮನ ಒಂದು ಮಾತು. ನಾನು ಆಡಿ ಮುಗಿಸಿದ್ದ ಗೇಮ್ ನೋಡಿ, "ಆಯ್ತಲ್ಲ, ಇನ್ನು ನಂಗೆ ಕೊಡು" ಅಂದ. ಕೊಡೋಣ ಅಂತ ಬಾಯಿ ತೆರೆದೆ, ಆದರೆ ಏನನ್ನು ಕೊಡುವುದು? ಅವನ ಹತ್ತಿರವೂ ಇದೇ ಕನ್ಸೋಲ್ ಇದೆ. ಆದರೂ ಗೇಮ್ ಅಲ್ಲಿಗೆ ಹೋಗುವುದಿಲ್ಲ. ಕೊನೆಗೆ ನನ್ನ ಪಾಸ್‌ವರ್ಡನ್ನೇ ಕೊಟ್ಟೆ. ಅವನು ಆ ಗೇಮ್ ತೆರೆದರೆ ನಾನು ನನ್ನದರಿಂದ ಹೊರಗೆ, ನಾನು ಒಳಗೆ ಬಂದರೆ ಅವನು ಹೊರಗೆ. ಒಂದೇ ಚಪ್ಪಲಿ ಹಾಕಿಕೊಂಡು ಇಬ್ಬರು ನಡೆದ ಹಾಗೆ. ಎರಡು ವಾರಕ್ಕೆ ಅವನಿಗೂ ಸಾಕಾಯಿತು.

ಸ್ಟೋರ್‌ನಲ್ಲಿ ನಾನು ಒತ್ತಿದ್ದು 'ಕೊಳ್ಳಿ' ಎಂಬ ಬಟನ್. ಕೊಂಡದ್ದು ಲೈಸೆನ್ಸ್. ಆಡಲು ಅನುಮತಿ, ಅಷ್ಟೇ. ಅದು ನನ್ನ ಅಕೌಂಟಿಗೆ ಮಾತ್ರ, ಕಂಪನಿಯ ಷರತ್ತಿಗೆ ಒಳಪಟ್ಟು. ಇದು ಷರತ್ತುಗಳ ಪುಟದಲ್ಲಿ ಮೊದಲಿಂದಲೂ ಇತ್ತು. ಓದದೆ ಒಪ್ಪಿದ್ದು ನಾನೇ. ಆದರೆ ಬಟನ್ ಮೇಲೆ ಒಂದು ಮಾತು, ಷರತ್ತಿನಲ್ಲಿ ಇನ್ನೊಂದು ಮಾತು ಇದ್ದರೆ ಜನ ನಂಬುವುದು ಬಟನ್ನನ್ನೇ ಅಲ್ವಾ? ಅಮೆರಿಕದ ಕ್ಯಾಲಿಫೋರ್ನಿಯಾ ಇದಕ್ಕೇ ಒಂದು ಕಾನೂನು ತಂದಿತು. ಅಲ್ಲಿ 2025ರ ಜನವರಿ 1ರಿಂದ, ಕೊಡುತ್ತಿರುವುದು ಲೈಸೆನ್ಸ್ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ 'ಕೊಳ್ಳಿ' ಎಂಬ ಪದ ಬಳಸುವ ಹಾಗಿಲ್ಲ. ಪಿಸಿ ಗೇಮ್‌ಗಳ ದೊಡ್ಡ ಸ್ಟೋರ್ ಸ್ಟೀಮ್ ಅದಕ್ಕೂ ಮುಂಚೆ, 2024ರ ಅಕ್ಟೋಬರ್‌ನಲ್ಲೇ, ದುಡ್ಡು ಕಟ್ಟುವ ಪುಟದಲ್ಲಿ ಆ ಸಾಲು ಸೇರಿಸಿತು. ಕಾನೂನು ನಮಗೆ ಗೇಮ್ ಕೊಡಿಸಲಿಲ್ಲ. ಕೊಟ್ಟಿಲ್ಲ ಎನ್ನುವುದನ್ನು ಬಾಯಿಬಿಟ್ಟು ಹೇಳಿಸಿತು.

ಈಗ ಬೀಗದ ಕಥೆ.

ಮನೆ ಬದಲಾಯಿಸಿದ್ದೆ. ಹೊಸ ಮನೆಗೆ ಇಂಟರ್ನೆಟ್ ಬರುವುದು ಮೂರು ದಿನ ತಡ ಅಂದರು. ಪರವಾಗಿಲ್ಲ, ಒಬ್ಬನೇ ಆಡುವ ಗೇಮ್‌ಗಳು ಬೇಕಾದಷ್ಟಿವೆ, ಎಲ್ಲ ಆಗಲೇ ಡೌನ್‌ಲೋಡ್ ಆಗಿವೆ ಅಂತ ಪೆಟ್ಟಿಗೆಗಳ ಮಧ್ಯೆ ಟಿವಿ ಜೋಡಿಸಿ ಕೂತೆ. ಪರದೆ ಬಂತು. ಒಂದೊಂದು ಗೇಮ್‌ನ ಚಿತ್ರದ ಮೂಲೆಯಲ್ಲೂ ಪುಟ್ಟ ಬೀಗ. ಒಂದನ್ನು ಒತ್ತಿದೆ, ಲೈಸೆನ್ಸ್ ಪರಿಶೀಲಿಸಲು ಆಗುತ್ತಿಲ್ಲ ಎಂದಿತು. ಇನ್ನೊಂದು ಒತ್ತಿದೆ, ಅದೇ ಮಾತು. ಗೇಮ್ ಪೂರ್ತಿಯಾಗಿ ನನ್ನ ಮನೆಯಲ್ಲೇ, ಆ ಡಬ್ಬದೊಳಗೇ ಇದೆ. ಆಡುವ ಹಾಗಿಲ್ಲ.

ಕಾರಣ ಒಂದು ಸೆಟ್ಟಿಂಗ್. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ, ನಾನು 'ಮನೆಯ ಕನ್ಸೋಲ್' ಅನ್ನುತ್ತೇನೆ. ಒಂದು ಅಕೌಂಟಿಗೆ ಅಂಥದ್ದು ಒಂದೇ. ಅದರಲ್ಲಿ ನಿಮ್ಮ ಗೇಮ್‌ಗಳು ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತವೆ. ಆ ಮನೆಯ ಯಾರು ಬೇಕಾದರೂ ತಮ್ಮ ತಮ್ಮ ಅಕೌಂಟಿನಿಂದ ಆಡಬಹುದು. ಬೇರೆ ಯಾವ ಕನ್ಸೋಲ್‌ನಲ್ಲಾದರೂ ನೀವೇ ಲಾಗಿನ್ ಆಗಬೇಕು, ಇಂಟರ್ನೆಟ್ ಇರಬೇಕು. ನಾನು ಹಳೆಯ ಕನ್ಸೋಲ್ ಕೊಡುವಾಗ ಇದನ್ನು ಬದಲಾಯಿಸಿರಲಿಲ್ಲ. ಎರಡು ವರ್ಷ ಗೊತ್ತೇ ಆಗಲಿಲ್ಲ, ಯಾಕಂದರೆ ಇಂಟರ್ನೆಟ್ ಯಾವಾಗಲೂ ಇತ್ತು. ಕಂಪನಿಯ ಲೆಕ್ಕದಲ್ಲಿ ನನ್ನ ಮನೆ ಅಂದರೆ ಅಕ್ಕನ ಮನೆ. ಅಲ್ಲಿ ಅಳಿಯ ನನ್ನ 41 ಗೇಮ್‌ಗಳನ್ನೂ ಆರಾಮಾಗಿ ಆಡುತ್ತಿದ್ದಾನೆ. ದುಡ್ಡು ಕೊಟ್ಟ ನಾನು ಬೀಗ ನೋಡುತ್ತಾ ಕೂತಿದ್ದೇನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರಲ್ಲ, ಅದನ್ನು ಸಾಫ್ಟ್‌ವೇರ್‌ನಲ್ಲಿ ಬರೆದಿಟ್ಟಿದ್ದರು.

ಕಂಪನಿಯ ಸಹಾಯವಾಣಿಯಲ್ಲಿ ಚಾಟ್ ಮಾಡಿದೆ. ತುಂಬಾ ವಿನಯದಿಂದ, ಆ ಸೆಟ್ಟಿಂಗ್ ಬದಲಾಯಿಸಿದರೆ ಸರಿಹೋಗುತ್ತದೆ, ಬದಲಾಯಿಸಲು ಇಂಟರ್ನೆಟ್ ಬೇಕು ಎಂದರು. ಮೂರನೇ ದಿನ ಫೋನಿನ ಹಾಟ್‌ಸ್ಪಾಟ್ ಹಾಕಬಹುದಲ್ಲ ಅಂತ ಹೊಳೆಯಿತು. ಒಂದೇ ನಿಮಿಷದ ಕೆಲಸ. ಬೀಗಗಳೆಲ್ಲ ಒಟ್ಟಿಗೆ ಮಾಯವಾದವು. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ.

ಅವತ್ತು ಸಂಜೆ ಅಳಿಯನ ಫೋನ್ ಬಂತು. "ಮಾಮ, ಎಲ್ಲಾ ಗೇಮ್‌ಗೂ ಬೀಗ ಬಿದ್ದಿದೆ. ನಾನೇನೂ ಮಾಡಿಲ್ಲ, ನಿಜವಾಗ್ಲೂ."

ಹನ್ನೊಂದು ವರ್ಷದ ಹುಡುಗ. ತಾನೇ ಏನೋ ಕೆಡಿಸಿಬಿಟ್ಟೆ ಅಂತ ಹೆದರಿದ್ದ. ನನ್ನ ಅಕೌಂಟಿನಿಂದ ಆಡು ಎಂದೆ. ಆಡಬಹುದಿತ್ತು, ಆದರೆ ಅವನ ಸೇವ್ ಎಲ್ಲ ಅವನ ಅಕೌಂಟಿನಲ್ಲಿ. ಕೊನೆಯ ಹಂತಕ್ಕೆ ಬಂದಿದ್ದ ಗೇಮನ್ನು ಮತ್ತೆ ಮೊದಲಿಂದ ಶುರು ಮಾಡಬೇಕು. ಒಂದು ಡಿಸ್ಕ್ ಆಗಿದ್ದರೆ ಇದರಲ್ಲಿ ಯಾವ ಮಾತೂ ಬರುತ್ತಿರಲಿಲ್ಲ. ಅವನು ಮುಗಿಸಿ ವಾಪಸ್ ಕೊಡುತ್ತಿದ್ದ. ಕೊಡದೆಯೂ ಇರುತ್ತಿದ್ದ, ಅದು ನಮ್ಮ ನಮ್ಮ ವಿಷಯ.

ತಮಾಷೆ ಏನು ಅಂದರೆ, ಇಂಥದ್ದೇ ನಿಯಮಗಳನ್ನು ಜನ ಒಂದು ಸಲ ಬೈದು ಓಡಿಸಿದ್ದರು. 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಪ್ರಕಟಿಸಿದಾಗ, 24 ಗಂಟೆಗೊಮ್ಮೆಯಾದರೂ ಅದು ಇಂಟರ್ನೆಟ್‌ಗೆ ಹೋಗಿ ಬರಬೇಕು ಎಂದಿತ್ತು. ಡಿಸ್ಕ್‌ನಲ್ಲಿ ಕೊಂಡರೂ ಗೇಮ್ ಅಕೌಂಟಿಗೇ ಅಂಟಿಕೊಳ್ಳುತ್ತಿತ್ತು. ಸೆಕೆಂಡ್ ಹ್ಯಾಂಡ್ ಮಾರಲು, ಗೆಳೆಯನಿಗೆ ಕೊಡಲು ನೂರೆಂಟು ಷರತ್ತು. ಜನ ರೊಚ್ಚಿಗೆದ್ದರು. ಆ ಜೂನ್‌ನಲ್ಲಿ ಸೋನಿ ಒಂದು ಪುಟ್ಟ ವಿಡಿಯೋ ಬಿಟ್ಟಿತು: ಪ್ಲೇಸ್ಟೇಷನ್ 4ರಲ್ಲಿ ಗೇಮ್ ಹಂಚಿಕೊಳ್ಳುವುದು ಹೇಗೆ? ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ. ಮುಗಿಯಿತು. ಮೈಕ್ರೋಸಾಫ್ಟ್ ಜೂನ್ 19ಕ್ಕೆ ಎಲ್ಲವನ್ನೂ ವಾಪಸ್ ತೆಗೆದುಕೊಂಡಿತು. ಅದರ ಜೊತೆ, ಮನೆಯ ಹತ್ತು ಜನರ ತನಕ ಗೇಮ್ ಲೈಬ್ರರಿ ಹಂಚಿಕೊಳ್ಳಬಹುದು ಎಂಬ ಯೋಜನೆಯೂ ಹೋಯಿತು. ಅದೊಂದಾದರೂ ಉಳಿದಿದ್ದರೆ ಅಳಿಯನ ಫೋನ್ ಬರುತ್ತಿರಲಿಲ್ಲವೇನೋ.

ಆವತ್ತು ಜನರ ಕೈಯಲ್ಲಿ ಒಂದು ಬಲ ಇತ್ತು. ಯಾರೂ ಇನ್ನೂ ದುಡ್ಡು ಕೊಟ್ಟಿರಲಿಲ್ಲ. ಆಮೇಲೆ ಕಂಪನಿಗಳು ಹೇರುವುದನ್ನು ಬಿಟ್ಟು ಅನುಕೂಲ ತೋರಿಸಿದವು. ಡಿಸ್ಕ್ ಇಲ್ಲದ ಮಾಡೆಲ್ ಸ್ವಲ್ಪ ಅಗ್ಗ ಮಾಡಿದರು, ಮನೆಯಲ್ಲೇ ಕೂತು ಕೊಳ್ಳಿ ಎಂದರು. ಆಗ ಬೈದವರಲ್ಲಿ ನಾನೂ ಒಬ್ಬ. ಏಳೆಂಟು ವರ್ಷಕ್ಕೆ ಅದನ್ನೇ ದುಡ್ಡು ಕೊಟ್ಟು ಮನೆಗೆ ತಂದೆ. ಈಗಂತೂ 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋ, ಆ ಸಾಲಿನಲ್ಲೇ ದುಬಾರಿ ಮಾಡೆಲ್, ಅದಕ್ಕೂ ಡಿಸ್ಕ್ ಡ್ರೈವ್ ಬೇರೆ ಕೊಳ್ಳಬೇಕು. ಕೊಂಡ ಡ್ರೈವನ್ನು ಕನ್ಸೋಲ್‌ಗೆ ಜೋಡಿಸಲು ಒಂದು ಸಲ ಇಂಟರ್ನೆಟ್ ಬೇಕು.

ಹಾಗಂತ ಜನರ ಸಿಟ್ಟೆಲ್ಲ ಸರಿಯಾದ ಜಾಗಕ್ಕೇ ಹೋಗುತ್ತದೆ ಎಂದೇನೂ ಇಲ್ಲ. ಸ್ಟೋರ್ ಮುಚ್ಚುವುದು, ಕೊಂಡ ಗೇಮ್ ಕಿತ್ತುಕೊಳ್ಳುವುದು, ಗೇಮ್ ನಡೆಸುವ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್, ಬಂದ್ ಮಾಡುವುದು, ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ನಿಂಟೆಂಡೊ ತನ್ನ ಹಳೆಯ ಕನ್ಸೋಲ್‌ಗಳಾದ 3ಡಿಎಸ್ ಮತ್ತು ವೀ ಯು ಸ್ಟೋರ್‌ಗಳನ್ನು 2023ರ ಮಾರ್ಚ್ 27ಕ್ಕೆ ಮುಚ್ಚಿತು. ಹೊಸದಾಗಿ ಕೊಳ್ಳುವ ಹಾಗಿಲ್ಲ, ಆದರೆ ಮುಂಚೆ ಕೊಂಡದ್ದನ್ನು ಆಮೇಲೂ ಡೌನ್‌ಲೋಡ್ ಮಾಡಲು ಬಿಟ್ಟರು. ಸೋನಿ 2021ರಲ್ಲಿ ತನ್ನ ಹಳೆಯ ಕನ್ಸೋಲ್‌ಗಳಾದ ಪಿಎಸ್3 ಮತ್ತು ವೀಟಾ ಸ್ಟೋರ್ ಮುಚ್ಚುತ್ತೇವೆ ಎಂದು ಹೇಳಿ, ಗಲಾಟೆಯಾದ ಮೇಲೆ ಕೆಲವೇ ವಾರದಲ್ಲಿ ಮನಸ್ಸು ಬದಲಾಯಿಸಿತು. ನನ್ನ ಲೈಬ್ರರಿಯಲ್ಲೂ ಸ್ಟೋರ್‌ನಿಂದ ಕಾಣೆಯಾದ ಗೇಮ್ ಎರಡಿವೆ, ಇಂದಿಗೂ ಡೌನ್‌ಲೋಡ್ ಆಗುತ್ತವೆ. ಇವು ನನ್ನ ನಿದ್ದೆ ಕೆಡಿಸುವುದಿಲ್ಲ.

ನಿದ್ದೆ ಕೆಡಿಸುವುದು ದಿ ಕ್ರೂ ಥರದ್ದು. ಯೂಬಿಸಾಫ್ಟ್‌ನ ಕಾರ್ ರೇಸಿಂಗ್ ಗೇಮ್, 2014ರ ಡಿಸೆಂಬರ್‌ನಲ್ಲಿ ಬಂದದ್ದು. ಒಬ್ಬನೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿದರು. ಡಿಸ್ಕ್ ಇಟ್ಟುಕೊಂಡವರ ಕೈಯಲ್ಲಿ ಉಳಿದದ್ದು ಒಂದು ಹೊಳೆಯುವ ತಟ್ಟೆ. ಆಮೇಲೆ ಪಿಸಿಯಲ್ಲಿ ಕೊಂಡವರ ಲೈಸೆನ್ಸನ್ನೂ ಅಕೌಂಟಿನಿಂದ ತೆಗೆದರು. ಅದರಿಂದಲೇ ಯೂಟ್ಯೂಬರ್ ರಾಸ್ ಸ್ಕಾಟ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಶುರು ಮಾಡಿದರು. ಯುರೋಪಿಯನ್ ಒಕ್ಕೂಟ ಅದರ ಮನವಿಯನ್ನು ಪರಿಗಣಿಸಲು ಬೇಕಿದ್ದದ್ದು 10 ಲಕ್ಷ ಸಹಿ, 2025ರ ಜುಲೈನಲ್ಲಿ ಆ ಗಡಿ ದಾಟಿತು. ಅವರ ಬೇಡಿಕೆ ದೊಡ್ಡದೇನಲ್ಲ. ಸರ್ವರನ್ನು ಸದಾ ಕಾಲ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ಅಂಗಡಿ ಮುಚ್ಚಿ ಹೋಗುವಾಗ ಗೇಮನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ, ಅಷ್ಟೇ.

ಡಿಸ್ಕ್ ಇದ್ದರೆ ಎಲ್ಲ ಸರಿ ಅಂತ ನಾನೂ ಒಂದು ಕಾಲಕ್ಕೆ ನಂಬಿದ್ದೆ. ಈಗ ಅದರಲ್ಲೂ ನೋಡಿ ಕೊಳ್ಳಬೇಕು. 2025ರ ಜೂನ್ 5ಕ್ಕೆ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ 'ಗೇಮ್ ಕೀ ಕಾರ್ಡ್' ಅಂತ ಇದೆ. ಕಾರ್ಡ್ ಒಳಗೆ ಗೇಮ್ ಇಲ್ಲ, ಬರೀ ಕೀಲಿ. ಗೇಮನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು, ಆಡುವಾಗಲೆಲ್ಲ ಕಾರ್ಡ್ ಸಿಕ್ಕಿಸಿರಬೇಕು. ಎರಡೂ ಕಡೆಯ ತೊಂದರೆ ಒಂದೇ ಡಬ್ಬದಲ್ಲಿ ಅಂತ ಜನ ಬೈದರು, ಬೈದದ್ದು ನ್ಯಾಯ. ಆದರೂ ಅದನ್ನು ಗೆಳೆಯನಿಗೆ ಕೊಡಬಹುದು, ಮಾರಬಹುದು. ನನ್ನ 41ರಲ್ಲಿ ಒಂದನ್ನೂ ಹಾಗೆ ಮಾಡಲಾಗದು. ಅದೇ ಕಂಪನಿ ಡೌನ್‌ಲೋಡ್ ಮಾಡಿದ ಗೇಮ್‌ಗಳಿಗೂ 'ವರ್ಚುವಲ್ ಗೇಮ್ ಕಾರ್ಡ್' ತಂದಿದೆ, ಮನೆಯವರಿಗೆ ಎರಡು ವಾರ ಸಾಲ ಕೊಡಬಹುದು. ಆ ಎರಡು ವಾರ ನೋಡಿ ಹೊಟ್ಟೆ ಉರಿದುಕೊಳ್ಳುವ ಸ್ಥಿತಿಗೆ ನಾನು ಬಂದಿದ್ದೇನೆ.

ದುಡ್ಡಿನ ಲೆಕ್ಕವೂ ಉಲ್ಟಾ ಹೊಡೆಯಿತು. ಡಿಸ್ಕ್ ಡ್ರೈವ್ ಇಲ್ಲದ್ದು ಅಗ್ಗ ಅಂತ ಉಳಿಸಿದ್ದು ಮೊದಲ ವರ್ಷವೇ ಹೋಯಿತು. ಡಿಸ್ಕ್‌ನಲ್ಲಿ ಅದೇ ಗೇಮ್ ಕೆಲವು ತಿಂಗಳಿಗೆ ಅಂಗಡಿಯಲ್ಲಿ ಇಳಿಯುತ್ತದೆ, ಸೆಕೆಂಡ್ ಹ್ಯಾಂಡ್ ಇನ್ನೂ ಕಡಿಮೆ, ಮುಗಿಸಿ ಮಾರಿದರೆ ಅರ್ಧ ವಾಪಸ್. ನನಗೆ ಇರುವುದು ಒಂದೇ ಅಂಗಡಿ, ಅಲ್ಲಿ ಹೇಳಿದ್ದೇ ಬೆಲೆ. ಸೇಲ್ ಬರುತ್ತದೆ, ನಿಜ. ಕಾಯುವ ತಾಳ್ಮೆ ಇದ್ದವರಿಗೆ.

ತಿಂಗಳ ಚಂದಾ ಬಗ್ಗೆ ಒಂದೇ ಮಾತು. ಅದರ ಜೊತೆ ಬರುವ ಗೇಮ್ ನಿಮ್ಮದಲ್ಲ ಅಂತ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅದರ ಮೇಲೆ ನನಗೆ ಸಿಟ್ಟಿಲ್ಲ. ಬಾಡಿಗೆಯನ್ನು ಬಾಡಿಗೆ ಅಂತಲೇ ಕರೆದಿದ್ದಾರೆ.

ಯಾರಿಗಾದರೂ ಈ ಕನ್ಸೋಲ್ ಹೇಳುತ್ತೇನಾ? ಒಬ್ಬರೇ ಇದ್ದು, ಇಂಟರ್ನೆಟ್ ಕೈಕೊಡದ ಜಾಗದಲ್ಲಿದ್ದು, ಗೇಮ್ ಮುಗಿಸಿ ಮರೆತುಬಿಡುವವರಾದರೆ ಧಾರಾಳವಾಗಿ ತೆಗೆದುಕೊಳ್ಳಿ. ಮನೆಯಲ್ಲಿ ಮಕ್ಕಳು, ತಮ್ಮಂದಿರು ಇದ್ದರೆ ಡಿಸ್ಕ್ ಡ್ರೈವ್ ಇರುವುದಕ್ಕೆ ಸ್ವಲ್ಪ ಜಾಸ್ತಿ ಕೊಡಿ. ಕೊಂಡ ದಿನವೇ ಇಂಟರ್ನೆಟ್ ತಂತಿ ಕಿತ್ತು ಒಂದು ಗೇಮ್ ತೆರೆದು ನೋಡಿ, ಬೀಗ ಕಾಣುತ್ತದಾ ಅಂತ. ಹಳೆಯದನ್ನು ಯಾರಿಗಾದರೂ ಕೊಡುವ ಮುಂಚೆ ಆ ಸೆಟ್ಟಿಂಗ್ ಎಲ್ಲಿದೆ ಹುಡುಕಿಕೊಳ್ಳಿ. ಮೆಷಿನ್‌ಗೆ ಐದಕ್ಕೆ ನಾಲ್ಕೂವರೆ. ಸ್ಟೋರ್‌ಗೆ ಒಂದೂವರೆ, ಆ ಅರ್ಧ ಸಹಾಯವಾಣಿಯವರ ವಿನಯಕ್ಕೆ.

ಅಳಿಯನ ವಿಷಯ ಬಾಕಿ ಇದೆ. ಫೋನ್ ಬಂದ ಮರುದಿನ ನಮ್ಮನೆಗೆ ಇಂಟರ್ನೆಟ್ ಬಂತು. ಆ ಭಾನುವಾರ ಅಕ್ಕನ ಮನೆಗೆ ಹೋಗಿ, ಅವನ ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ಅದನ್ನೇ ಮತ್ತೆ 'ಮನೆ' ಮಾಡಿ ಬಂದೆ. ಹುಡುಗ ಪಕ್ಕದಲ್ಲೇ ನಿಂತು ಒಂದೊಂದು ಬೀಗ ಹೋಗುವುದನ್ನೂ ನೋಡಿದ. ಈಗ ನಾನು ನನ್ನ ಟಿವಿ ಮುಂದೆ, ನನ್ನ ಕನ್ಸೋಲ್‌ನಲ್ಲಿ, ಲೈನ್ ಇರುವಷ್ಟು ಹೊತ್ತು ಆಡುತ್ತೇನೆ. ಈ ಸೆಟ್ಟಿಂಗ್ ಬದಲಾಯಿಸಲು ವರ್ಷಕ್ಕೆ ಇಷ್ಟೇ ಸಲ ಎಂಬ ಲೆಕ್ಕ ಬೇರೆ ಇದೆ, ಎರಡು ಆಗಲೇ ಖರ್ಚಾಗಿವೆ.