ಬಂಡಬರ್ಗ್‌ನ ವರ್ಕಿಂಗ್ ಹಾಸ್ಟೆಲ್: ಹಾಸಿಗೆಗೆ ಎರಡು ಸ್ಟಾರ್, ಬಿಳಿ ಬೋರ್ಡಿಗೆ ನಾಲ್ಕು

ಹಾಸ್ಟೆಲ್ ಹೆಸರು ಹೇಳಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿರುವ ಬಂಡಬರ್ಗ್‌ನಲ್ಲಿ ಇಂಥವು ಹಲವಾರಿವೆ. ನಾನು ಒಂದರಲ್ಲಿ ಹದಿನೇಳು ವಾರ ಇದ್ದೆ.

ವರ್ಕಿಂಗ್ ಹಾಸ್ಟೆಲ್ ಅಂದರೆ ಹಾಸಿಗೆ ಕೊಟ್ಟು, ಸುತ್ತಲಿನ ತೋಟಗಳಲ್ಲಿ ಕೆಲಸವನ್ನೂ ಕೊಡಿಸುವ ಜಾಗ. ನನ್ನದು 462 ವೀಸಾ, ಅಂದರೆ ಒಂದು ವರ್ಷ ದೇಶ ಸುತ್ತುತ್ತಾ ಕೆಲಸವನ್ನೂ ಮಾಡಲು ಬಿಡುವ ವೀಸಾ. 18ರಿಂದ 30 ವಯಸ್ಸಿನ ಭಾರತೀಯರಿಗೆ 2024ರಲ್ಲಿ ಇದರ ಬಾಗಿಲು ತೆರೆಯಿತು. ವರ್ಷಕ್ಕೆ 1000 ಜನ, ಅದೂ ಲಾಟರಿಯಲ್ಲಿ. ಎರಡನೇ ವರ್ಷವೂ ಇರಬೇಕು ಅಂದರೆ ಸರ್ಕಾರ ಹೇಳಿದ ಪ್ರದೇಶದಲ್ಲಿ, ಸರ್ಕಾರ ಹೇಳಿದ ಥರದ ಕೆಲಸವನ್ನು ಮೂರು ತಿಂಗಳು, ದಿನದ ಲೆಕ್ಕದಲ್ಲಿ 88 ದಿನ, ಮಾಡಿರಬೇಕು. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘88 ದಿನ’. ಹೆಸರಿಗೆ ಹಾಸಿಗೆಯ ಬಾಡಿಗೆ ಅಷ್ಟೇ, ನಾವು ದುಡ್ಡು ಕೊಡುವುದು ಆ ದಿನಗಳಿಗೆ.

ಹಾಸಿಗೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಾರಕ್ಕೆ 230 ಡಾಲರ್, ಒಂದು ರೂಮಿಗೆ ಎಂಟು ಜನ, ಮೇಲಿನವನು ಮಗ್ಗುಲು ಬದಲಿಸಿದರೆ ಕೆಳಗಿನವನಿಗೆ ಎಚ್ಚರ. ಫ್ರಿಜ್‌ನಲ್ಲಿ ಟೇಪ್ ಅಂಟಿಸಿ ಹೆಸರು ಬರೆದಿದ್ದರೂ ಹಾಲು ಮಾಯ.

ನಿಜವಾದ ವ್ಯವಹಾರ ಅಡುಗೆಮನೆ ಪಕ್ಕದ ಬಿಳಿ ಬೋರ್ಡಿನದ್ದು. ಸಂಜೆ ಏಳಕ್ಕೆ ಮ್ಯಾನೇಜರ್ ಬಂದು ನಾಳೆ ಯಾರು ಯಾವ ತೋಟಕ್ಕೆ ಅಂತ ಬರೆಯುತ್ತಾರೆ. ಮಾರ್ಕರ್ ಕೀಚ್ ಅಂದ ತಕ್ಷಣ ಅಡುಗೆಮನೆ ಮಾತು ನಿಲ್ಲುತ್ತದೆ. ಒಲೆ ಮೇಲಿದ್ದ ಪಾಸ್ತಾ ಉಕ್ಕಿದರೂ ಯಾರೂ ತಿರುಗಿ ನೋಡಲ್ಲ. ಮೊದಲ ಹನ್ನೆರಡು ದಿನ ನನ್ನ ಹೆಸರು ಬರಲೇ ಇಲ್ಲ. ಬಾಡಿಗೆ ಮಾತ್ರ ತಪ್ಪದೆ ಕಟ್ಟಿದೆ. ಫೋನಿನಲ್ಲಿ ‘ಕೆಲಸ ರೆಡಿ ಇದೆ, ಬನ್ನಿ’ ಅಂದಿದ್ದರು. ಇವರ ಮೇಲೆ ನನ್ನ ದೊಡ್ಡ ತಕರಾರು ಇದೇ.

ಹದಿಮೂರನೇ ಸಂಜೆ ಹೆಸರು ಬಂತು, ಅದೂ ತಪ್ಪು ಸ್ಪೆಲ್ಲಿಂಗ್‌ನಲ್ಲಿ. ಸ್ಟ್ರಾಬೆರಿ ತೋಟ. ಬೆಳಿಗ್ಗೆ ಐದೂವರೆಗೆ ವ್ಯಾನು. ಹಣ್ಣನ್ನು ಹಿಡಿದು ಎಳೆಯುವ ಹಾಗಿಲ್ಲ, ತೊಟ್ಟನ್ನು ಉಗುರಿನಲ್ಲಿ ಚಿವುಟಬೇಕು, ಹಸಿರು ಟೋಪಿ ಹಣ್ಣಿನ ಮೇಲೇ ಉಳಿಯಬೇಕು. ಮೂರನೇ ದಿನಕ್ಕೆ ಹೆಬ್ಬೆರಳಿನ ಉಗುರು ಕಪ್ಪಾಗಿ, ಬೆನ್ನು ನನ್ನದಲ್ಲ ಅನ್ನಿಸಿತು. ಕೂಲಿ ಕಿತ್ತಷ್ಟಕ್ಕೆ. ಆದರೆ 2022ರ ಏಪ್ರಿಲ್ 28ರಿಂದ ನಿಯಮ ಬದಲಾಗಿದೆ: ಎಷ್ಟೇ ನಿಧಾನವಾಗಿ ಕಿತ್ತರೂ ಗಂಟೆಗೆ ಇಷ್ಟು ಅನ್ನುವ ಕನಿಷ್ಠ ಕೂಲಿ ಕೊಡಲೇಬೇಕು. ನನ್ನ ತೋಟದವರು ಕೊಟ್ಟರು, ಪೇಸ್ಲಿಪ್ ಕೂಡ ಸರಿಯಾಗಿತ್ತು. ಎಲ್ಲ ಪೇಸ್ಲಿಪ್ ಜೋಪಾನವಾಗಿಟ್ಟುಕೊಳ್ಳಿ, ವೀಸಾಗೆ ಅದೇ ಸಾಕ್ಷಿ.

ದಿನಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ವಾರದ ಐದು ದಿನ ಪೂರ್ತಿ ಕೆಲಸ ಮಾಡಿದರೆ ಏಳು ದಿನ ಅಂತ ಹಿಡಿಯುತ್ತಾರೆ. ಮಳೆ ಬಂದು ಎರಡು ದಿನ ತಪ್ಪಿತೋ, ಮೂರಕ್ಕೆ ಮೂರೇ. ಮೋಡ ಕಂಡರೆ ಹಾಸ್ಟೆಲ್‌ಗೆ ಹಾಸ್ಟೆಲ್ಲೇ ಸಪ್ಪಗಾಗುತ್ತಿತ್ತು. ಸ್ಟ್ರಾಬೆರಿ ಕಡಿಮೆಯಾದಾಗ ನನ್ನನ್ನು ಸಿಹಿಗೆಣಸಿನ ಪ್ಯಾಕಿಂಗ್ ಶೆಡ್ಡಿಗೆ ಹಾಕಿದರು. ಆಸ್ಟ್ರೇಲಿಯಾದ ಸಿಹಿಗೆಣಸಿನಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಈ ಸೀಮೆಯಲ್ಲೇ, ಹಾಗಾಗಿ ಆ ಕೆಲಸ ಇದ್ದೇ ಇರುತ್ತದೆ. ಶೆಡ್ಡಿಗೆ ಹಾಕಿದ್ದಕ್ಕೆ ಮ್ಯಾನೇಜರಿಗೆ ಥ್ಯಾಂಕ್ಸ್ ಹೇಳಲೇಬೇಕು.

ರೂಮಿನಲ್ಲಿ ತೈವಾನಿನ ನರ್ಸ್ ಒಬ್ಬಳಿದ್ದಳು. ರಾತ್ರಿ ಪಾಳಿ ಸಾಕಾಗಿ ಬಂದವಳು. ‘ಇಲ್ಲಿ ನನ್ನ ಕೈ ತಪ್ಪಿದರೆ ಕೊಳೆಯುವುದು ಹಣ್ಣು ಮಾತ್ರ’ ಅಂದಿದ್ದಳು. ಬ್ರಿಟನ್‌ನ ಹುಡುಗನಿಗೆ 88 ದಿನದ ಹಂಗೇ ಇಲ್ಲ, ಅವರಿಗೆ 2024ರ ಜುಲೈಯಿಂದ ಆ ಷರತ್ತು ತೆಗೆದಿದ್ದಾರೆ. ಇದ್ದ ದುಡ್ಡೆಲ್ಲ ಸಿಡ್ನಿಯಲ್ಲಿ ಉಡಾಯಿಸಿ ಬಂದಿದ್ದ, ಅಷ್ಟೇ. ಇನ್ನು ನಾನು? ಸುಮ್ನೆ 25 ಡಾಲರ್ ಕಟ್ಟಿ ಲಾಟರಿಗೆ ಹೆಸರು ಕೊಟ್ಟಿದ್ದೆ, ಹೆಸರು ಬಂತು, ಹೊರಟೆ. ಯಾಕೆ ಬಂದೆ ಅಂತ ಯಾರಾದರೂ ಕೇಳಿದಾಗ ಕಾರಣ ಹುಡುಕುತ್ತಿದ್ದೆ.

ಒಂದು ಭಾನುವಾರ ಸುಮಾರು 50 ಕಿಲೋಮೀಟರ್ ದೂರದ ಚಿಲ್ಡರ್ಸ್‌ಗೆ ಹೋದೆವು. 2000ದ ಜೂನ್ 23ರಂದು ಅಲ್ಲಿನ ಹಾಸ್ಟೆಲ್ ಒಂದಕ್ಕೆ ಬೆಂಕಿ ಬಿದ್ದು 15 ಜನ ಬ್ಯಾಕ್‌ಪ್ಯಾಕರ್‌ಗಳು ತೀರಿಕೊಂಡರು. ಎಲ್ಲರೂ ನಮ್ಮ ವಯಸ್ಸಿನವರೇ. ಈಗ ಅದೇ ಕಟ್ಟಡದಲ್ಲಿ ಅವರ ಸ್ಮಾರಕ ಇದೆ, ದೊಡ್ಡದೊಂದು ಚಿತ್ರದಲ್ಲಿ ಅಷ್ಟೂ ಮುಖಗಳು. ವಾಪಸ್ ಬರುವಾಗ ವ್ಯಾನಿನಲ್ಲಿ ಯಾರೂ ಹಾಡು ಹಾಕಲಿಲ್ಲ. ರೂಮಿಗೆ ಬಂದವಳೇ ನರ್ಸ್ ಕುರ್ಚಿ ಹತ್ತಿ ಸ್ಮೋಕ್ ಅಲಾರಂ ಬಟನ್ ಒತ್ತಿದಳು. ಕಿವಿ ಕಿತ್ತುಹೋಗುವ ಹಾಗೆ ಕೂಗಿತು. ಹಿಂದಿನ ಬಾಗಿಲೂ ತಳ್ಳಿದರೆ ತೆರೆಯಿತು. ಹಾಸಿಗೆಗೆ ಕೊಟ್ಟ ಎರಡು ಸ್ಟಾರ್‌ನಲ್ಲಿ ಒಂದು ಇದಕ್ಕೇ.

ಹಾಸ್ಟೆಲ್‌ಗೆ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ: ಸಂಬಳದ ಜೊತೆ ತೋಟದವರು ಸೂಪರ್ ಅಂತ ನಿವೃತ್ತಿ ದುಡ್ಡು ಕಟ್ಟುತ್ತಾರೆ. ದೇಶ ಬಿಡುವಾಗ ಅದನ್ನು ತೆಗೆದರೆ ನಮ್ಮ ಥರದ ವೀಸಾದವರಿಗೆ 65 ಪರ್ಸೆಂಟ್ ತೆರಿಗೆ. ಆ ದುಡ್ಡು ನಂಬಿಕೊಂಡು ಟಿಕೆಟ್ ಬುಕ್ ಮಾಡಬೇಡಿ.

ಬಿಡುವ ದಿನ 200 ಡಾಲರ್ ಅಡ್ವಾನ್ಸ್‌ನಲ್ಲಿ 60 ಹಿಡಿದುಕೊಂಡರು. ಬಾಣಲೆ ಕಾಣಿಸ್ತಿಲ್ಲವಂತೆ. ನಾನು ಬಂದ ದಿನವೂ ಆ ಬಾಣಲೆ ಇರಲಿಲ್ಲ. ಹೋಗುವವರು ಮೊದಲ ದಿನವೇ ಅಡುಗೆಮನೆಯ ಫೋಟೋ ತೆಗೆದಿಟ್ಟುಕೊಳ್ಳಿ.